ಮಿಡಿಮರದ ವಿಳಾಸ

ಬರವಣಿಗೆಯೇ ನನ್ನ ಹೊಟ್ಟೆಪಾಡು ಎಂದು ನಮ್ಮ ಕಡೆ ಹೇಳಿಕೊಳ್ಳಲು ಸ್ವಲ್ಪ ಧೈರ್ಯ ಬೇಕು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು "ಎಂತ ಮಾಡ್ಕಂಡಿದ್ದೆ?" ಎಂದು ವಿಚಾರಿಸುತ್ತಾರೆ. "ಪೇಪರಿಗೆ ವಿಜ್ಞಾನ ಬರಿತೆ" ಎನ್ನುತ್ತೇನೆ. ಅವರು ಸಾರು ಸೊರ್ರೆಂದು ಹೀರಿ ಮುಗಿಸಿ, "ಅದು ಸೈ, ಕೆಲಸ ಎಂತ?" ಎಂದು ಮತ್ತೆ ಕೇಳುತ್ತಾರೆ. ಯಾವ ಕಚೇರಿಗೂ ಸೇರದವನು ಊರಿಗೆಲ್ಲ ಸೇರಿದವನು. ಗ್ಯಾಸ್ ಸಿಲಿಂಡರ್ ಬರುವ ದಿನ ಶಿರಸಿಯ ನಮ್ಮ ಬೀದಿಯ ನಾಲ್ಕು ಮನೆಯ ಕೀಲಿಕೈಗಳು ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ. "ಹ್ಯಾಂಗೂ ಮನೇಲೇ ಇರ್ತ್ಯಲ" ಎಂಬುದು ಅದಕ್ಕೆ ಕಾರಣ. ನಾನು ಕಂಪ್ಯೂಟರಿನ ಮುಂದೆ ಕೂತು ಗೋಡೆ ನೋಡುತ್ತಿದ್ದರೆ ಅದು ಯೋಚನೆ ಎಂದು ಇಂದಿನವರೆಗೆ ಒಬ್ಬರೂ ನಂಬಿಲ್ಲ. ನನಗೂ ಒಮ್ಮೊಮ್ಮೆ ಅನುಮಾನವೇ.

ಆದರೂ ಈ ಕಸುಬಿನಲ್ಲಿ ಒಂದು ಸುಖವಿತ್ತು. ಕಪ್ಪುಕುಳಿಯ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು, ಅಲ್ಲಿಂದ ಯಾರೂ ಫೋನ್ ಮಾಡುವುದಿಲ್ಲ. ಶನಿಗ್ರಹದ ಬಳೆಗಳ ಬಗ್ಗೆ ತಪ್ಪು ಬರೆದರೂ ಶನಿ ನೇರವಾಗಿ ಬಂದು ಜಗಳ ಕಾಯುವುದಿಲ್ಲ, ಹಿಡಿಯುವ ಕಾಲಕ್ಕೆ ತನ್ನ ಪಾಡಿಗೆ ಹಿಡಿಯುತ್ತಾನೆ. ಹೀಗೆ ಆಕಾಶದಲ್ಲಿ ನೆಮ್ಮದಿಯಾಗಿದ್ದವನನ್ನು ನೆಲಕ್ಕೆ ಇಳಿಸಿದವರು ಪುರವಣಿಯ ಸಂಪಾದಕರು. "ನಿಮ್ಮ ಊರಿನ ವಿಜ್ಞಾನ ಕೊಡಿ ಸಾರ್. ಎಲ್ಲಿ, ಯಾವಾಗ, ಹೇಗೆ ಎಲ್ಲ ಖಚಿತವಾಗಿರಲಿ" ಎಂದರು. ನಮ್ಮ ಊರಿನ ವಿಜ್ಞಾನ ಎಂದೊಡನೆ ನನ್ನ ಬಾಯಲ್ಲಿ ನೀರೂರಿತು. ಅಪ್ಪೆಮಿಡಿ! ಉಪ್ಪಿನಕಾಯಿಯ ಆ ಎಳೆ ಮಾವಿನ ಸೊನೆಗೆ ಪರಿಮಳ ಎಲ್ಲಿಂದ ಬರುತ್ತದೆ ಎಂಬುದೇ ವಿಷಯ ಎಂದು ತೀರ್ಮಾನಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮವರು ಮಗಳ ಜಾತಕ ತೋರಿಸುತ್ತಾರೆ, ಬಿಪಿ ಮಾತ್ರೆಯ ಹೆಸರು ಹೇಳುತ್ತಾರೆ, ಆದರೆ ತಾವು ಮಿಡಿ ಕೊಯ್ಯುವ ಮರ ಎಲ್ಲಿದೆ ಎಂದು ಬಾಯಿ ಬಿಡುವುದಿಲ್ಲ. ಕಾಡಿನ ಹಳ್ಳದಂಚಿನ ಮರಕ್ಕೆ ಬೇಲಿಯಿಲ್ಲ, ಮೊದಲು ಹೋದವರದ್ದೇ ಮಿಡಿ. ಹಾಗಾಗಿ ಕೇಳಿದರೆ "ಅಲ್ಲೇ, ಬೆಟ್ಟದ ಬದಿಗೆ" ಎಂದು ಗಾಳಿಯಲ್ಲಿ ಕೈ ಬೀಸುತ್ತಾರೆ. ಆ ಕೈ ಹೆಗಡೆಕಟ್ಟಾದಿಂದ ಯಲ್ಲಾಪುರದವರೆಗೆ ಎಲ್ಲಿಗೆ ಬೇಕಾದರೂ ಹೊಂದುತ್ತದೆ. ವಾನಳ್ಳಿಯಲ್ಲಿರುವ ನನ್ನ ಸೋದರತ್ತೆ ಕಮಲತ್ತೆಯ ಮಿಡಿಯಂತೂ ಜೀರಿಗೆ ಪರಿಮಳಕ್ಕೆ ಹೆಸರಾದದ್ದು. ವರ್ಷಕ್ಕೊಂದು ಭರಣಿ ನಮ್ಮ ಮನೆಗೂ ಬರುತ್ತದೆ. ನಮ್ಮ ಸಂಸಾರ ಸುಖವಾಗಿರುವುದರಲ್ಲಿ ಆ ಭರಣಿಯ ಪಾಲು ನನ್ನ ಪಾಲಿಗಿಂತ ದೊಡ್ಡದು.

ಅಂಥ ಅತ್ತೆ ನಾನು ಕೇಳಿದ ಕೂಡಲೇ ಮರ ತೋರಿಸಲು ಹೊರಟು ನಿಂತರು. ಅಣ್ಣನ ಮಗನ ಮೇಲಿನ ಪ್ರೀತಿ ಎಂದು ನನ್ನ ಕಣ್ಣು ಒದ್ದೆಯಾಯಿತು. ಮರದ ಕೆಳಗೆ ಒಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿಗೆ ಹಿಡಿದು, "ಜೀರಿಗೆ ಪರಿಮಳ ಬಂತನಾ ತಮಾ?" ಎಂದು ಕೇಳಿದರು. ಬಂತು ಎಂದೆ. ನಿಜವಾಗಿಯೂ ಬಂತು. ಮನೆಗೆ ಬಂದು ಆ ಪರಿಮಳವನ್ನು ಪುಟದ ತುಂಬ ಹರಡಿದೆ. ಖಚಿತವಾಗಿರಲಿ ಎಂದಿದ್ದರಲ್ಲ, ಮುಖ್ಯರಸ್ತೆಯಿಂದ ಎಷ್ಟನೆಯ ತಿರುವು, ಯಾವ ಮೋರಿ ದಾಟಬೇಕು, ಹಳ್ಳದ ಯಾವ ದಡ, ಎಲ್ಲವನ್ನೂ ಬರೆದೆ. ಮರಕ್ಕೆ ಒರಗಿ ನಿಂತ ನನ್ನದೊಂದು ಫೋಟೋವನ್ನೂ ಕಳಿಸಿದೆ.

ಲೇಖನ ಭಾನುವಾರ ಬಂತು. ಸೋಮವಾರ ಸಿದ್ದಾಪುರದಿಂದ ಒಂದು ಜೀಪು, ಎಕ್ಕಂಬಿಯಿಂದ ಎರಡು ಬೈಕು, ಯಲ್ಲಾಪುರದಿಂದ ಏಣಿ ಕಟ್ಟಿಕೊಂಡ ಒಂದು ಟೆಂಪೊ ಆ ಮೋರಿ ದಾಟಿದವಂತೆ. ಬನವಾಸಿ ಕಡೆಯ ಓದುಗರೊಬ್ಬರು ನನಗೇ ಫೋನ್ ಮಾಡಿ, "ಸರ, ಭಾಳ ಚೊಲೋ ಬರ್ದೀರಿ. ಮೋರಿ ಹತ್ರ ನಿಂತೇವ್ರಿ, ಎಡಕ್ಕೋ ಬಲಕ್ಕೋ?" ಎಂದರು. ಓದುಗರು ನನ್ನ ಬರಹವನ್ನು ಇಷ್ಟು ಶ್ರದ್ಧೆಯಿಂದ ಓದಿದ್ದು ಅದೇ ಮೊದಲು. ಹಿಗ್ಗಿನಲ್ಲಿ "ಎಡಕ್ಕೆ" ಎಂದುಬಿಟ್ಟೆ. ಬುಧವಾರದ ಹೊತ್ತಿಗೆ ಮರದಲ್ಲಿ ಎಲೆ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಅತ್ತೆ ಬೈದಿದ್ದರೆ ಒಂದು ಕಷ್ಟ ಕಳೆಯುತ್ತಿತ್ತು. "ಚಲೋ ಬರದ್ದೆ ತಮಾ. ದಾರಿನೂ ಸಮಾ ಬರದ್ದೆ" ಎಂದಷ್ಟೇ ಹೇಳಿ ಫೋನ್ ಇಟ್ಟರು. ಹೆಂಡತಿ ಮಾತ್ರ ನೇರವಾಗಿಯೇ ಹೇಳಿದಳು: "ಈ ವರ್ಷ ಮಜ್ಜಿಗೆ ಅನ್ನಕ್ಕೆ ನಿಂಗಳ ಲೇಖನಾನೇ ನೆಂಚ್ಕಂಡು ಉಣ್ಣಿ." ಹಳೆಯ ಭರಣಿಯ ತಳ ಕಾಣತೊಡಗಿತು. ಅಂಗಡಿಯ ಬಾಟಲಿ ತಂದೆ. ಅದನ್ನು ಅವಳು ಮುಚ್ಚಳ ತೆಗೆಯದೆ ಕೆಲಸದವಳಿಗೆ ದಾಟಿಸಿದಳು. ಉಪ್ಪಿನಕಾಯಿ ಹೋದದ್ದಕ್ಕಿಂತ ಅತ್ತೆಯ ವಿಶ್ವಾಸ ಕಳೆದುಕೊಂಡೆನಲ್ಲ ಎಂಬುದೇ ನನ್ನನ್ನು ಕೊರೆಯಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಗಂಜಿಗೆ ಮಿಡಿ ಹಿಂಡಿ ಉಣ್ಣಿಸಿದ ಕೈ ಅದು. ಎರಡು ತಿಂಗಳು ವಾನಳ್ಳಿಯ ದಾರಿ ಹಿಡಿಯಲಿಲ್ಲ.

ಕೊನೆಗೆ ಹೆಂಡತಿಯೇ ದಬ್ಬಿದ ಮೇಲೆ ತಪ್ಪು ಒಪ್ಪಿಕೊಳ್ಳಲು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅತ್ತೆ ಬಾಯಿ ತೆರೆಯಲು ಬಿಡದೆ ಊಟಕ್ಕೆ ಬಾಳೆಲೆ ಹಾಕಿದರು. ಮಜ್ಜಿಗೆ ಅನ್ನದ ಹೊತ್ತಿಗೆ ಎಲೆಯ ತುದಿಗೆ ಒಂದು ಮಿಡಿ ಬಂದು ಕೂತಿತು. ಕಚ್ಚಿದೆ. ಅದೇ ಜೀರಿಗೆ ಪರಿಮಳ ನೆತ್ತಿಗೇರಿತು. ತಿರುಗಿ ನೋಡಿದರೆ ಗೋಡೆ ಬದಿಗೆ ಐದು ಭರಣಿಗಳು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು.

"ಅತ್ತೇ, ಮರ ಪೂರಾ ಬೋಳಾಗಿತ್ತಲ?"

"ಅದು ಯಂಗಳ ಮರ ಅಲ್ದಾ" ಎಂದರು ಅತ್ತೆ, ಮಜ್ಜಿಗೆ ಬಡಿಸುತ್ತ. "ಅದು ಪೇಪರಿನವಕ್ಕೆ ತೋರ್ಸೂ ಮರ. ಅದರ ಮಿಡಿ ಆನು ಮುಟ್ತ್ನೂ ಇಲ್ಲೆ."

ಸಿಟ್ಟು ಬಂತು, ನಗುವೂ ಬಂತು, ಎಲ್ಲಕ್ಕಿಂತ ಮೊದಲು ಹೊಟ್ಟೆ ತಣ್ಣಗಾಯಿತು. ಆದರೂ ಕಸುಬಿನ ಮರ್ಯಾದೆ ಪ್ರಶ್ನೆ. "ಅದ್ರಲ್ಲೂ ಜೀರಿಗೆ ಪರಿಮಳ ಬಂದಿತ್ತು. ಯನ್ನ ಮೂಗಿಗೇ ಬಂದಿತ್ತು" ಎಂದು ವಾದಿಸಿದೆ.

"ಆನು ಜೀರಿಗೆ ಹೇಳ್ದೆ, ನಿಂಗೆ ಜೀರಿಗೆ ಬಂತು. ಕರ್ಪೂರ ಹೇಳಿದ್ರೆ ಕರ್ಪೂರ ಬರ್ತಿತ್ತು. ಉಣ್ಣು."

ಒಂದು ಭರಣಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಸಿದ್ದಾಪುರದ ಓದುಗರೊಬ್ಬರ ಫೋನು. ಆ ಮರದ ಮಿಡಿಯ ಉಪ್ಪಿನಕಾಯಿ ಹಾಕಿದ್ದಾರಂತೆ, ನಾನು ಬರೆದ ಹಾಗೇ ಜೀರಿಗೆ ಘಮ ಎಂದು ಮನೆಮಂದಿಯೆಲ್ಲ ಕೊಂಡಾಡುತ್ತಿದ್ದಾರಂತೆ. ತಿದ್ದುಪಡಿ ಹಾಕಿಸಬೇಕೆಂದಿದ್ದವನು ಧನ್ಯವಾದ ಹೇಳಿ ಆ ಯೋಚನೆ ಕೈಬಿಟ್ಟೆ. ಆದರೂ ವಿಜ್ಞಾನಕ್ಕೆ ದ್ರೋಹ ಬಗೆಯಬಾರದಲ್ಲ? ಬೇರೆಯವರ ಮಾತು ಕೇಳಿ ನಮ್ಮ ಮೂಗು ಹೇಗೆ ಮೋಸಹೋಗುತ್ತದೆ ಎಂಬ ಲೇಖನವನ್ನು ಆ ವಾರವೇ ಬರೆದು ಕಳಿಸಿದೆ. ಸಂಪಾದಕರು ಬಹಳ ಮೆಚ್ಚಿ, ನಿಜಜೀವನದ ಉದಾಹರಣೆ ಒಂದನ್ನು ಸೇರಿಸಿ ಎಂದರು. ನಡೆದದ್ದನ್ನೆಲ್ಲ ಪ್ರಾಮಾಣಿಕವಾಗಿ ಸೇರಿಸಿದ್ದೇನೆ. ಮೋಸಹೋದವನನ್ನು ಮಾತ್ರ "ನನ್ನ ಪರಿಚಿತರೊಬ್ಬರು" ಎಂದು ಬರೆದಿದ್ದೇನೆ.