ಪೂರ್ತಿ ಹೆಸರು ಹೇಳಿ

ಎಲ್ಲಾ ಕೆಟ್ಟಿದ್ದು ಒಂದು ತಟ್ಟೆ ಮಂಗುವಿನಿಂದ. ಬೇಯಿಸಿದ ಬಾಳೆಕಾಯಿಯನ್ನು ಬೆಣ್ಣೆ ಹಾಕಿ ಹಿಸುಕಿ, ಮೇಲೆ ಹುರಿದ ಈರುಳ್ಳಿ ಉದುರಿಸಿ ಮುಂದಿಟ್ಟರೆ ಬೇಡ ಅನ್ನುವ ಗಂಡಸು ಮೋಕಾ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಕಿರೀನೊ ಕೂಡ ಬೇಡ ಅನ್ನಲಿಲ್ಲ. ಬೆಳಿಗ್ಗೆ ಆರಕ್ಕೆ ತಟ್ಟೆ ಖಾಲಿ ಮಾಡಿ, ಚಿಕ್ಕಪ್ಪನ ಮಗ ಬ್ರೌಲಿಯೊನ ಬಾಗಿಲಿಗೆ ಬಂದು ನಿಂತು, "ನಡಿಯಪ್ಪಾ, ನನ್ ಕೈ ರೆಡಿ" ಎಂದ.

ಬ್ರೌಲಿಯೊಗೆ ಮೊದಲು ಕಂಡದ್ದು ಅವನ ಮೀಸೆಗೆ ಅಂಟಿದ್ದ ಈರುಳ್ಳಿ.

"ತಿಂದ್ಯಾ?"

"ಸ್ವಲ್ಪ."

"ಖಾಲಿ ಹೊಟ್ಟೇಲಿ ಬಾ ಅಂತ ಮೂರು ದಿನದಿಂದ ಬಡ್ಕೊಂಡೆನಲ್ಲೋ! ಸಕ್ಕರೆ ನೋಡೋ ರಕ್ತ ಕಣೋ ಅದು!"

"ಸಕ್ಕರೆ ಎಲ್ಲಿ ಹಾಕಿದ್ರು? ಉಪ್ಪು ಹಾಕಿದ್ರು," ಎಂದ ಕಿರೀನೊ, ನಿಜಕ್ಕೂ ನೊಂದುಕೊಂಡು.

ಬ್ರೌಲಿಯೊ ತಲೆ ಮೇಲೆ ಕೈ ಹೊತ್ತು ಕೂತ. ನಲವತ್ತಮೂರು ವಯಸ್ಸು, ಕಸುಬಿನಲ್ಲಿ ದರ್ಜಿ. ಹೊರದೇಶದ ಹಳೇ ಬಟ್ಟೆ ಮೂಟೆಗಟ್ಟಲೆ ಬಂದು ಬೀದಿಗೆ ಬಿದ್ದ ಮೇಲೆ ಹೊಸದು ಹೊಲಿಸುವವರೇ ಇಲ್ಲವಾಗಿ ಅಂಗಡಿ ಮುಚ್ಚಿದ. ಇದೂ ಸೂಜಿಯ ಕೆಲಸ ತಾನೇ ಎಂದು ರಕ್ತ ತೆಗೆಯುವ ಕೋರ್ಸಿಗೆ ಸೇರಿದ. ಆದರೆ ಬಟ್ಟೆ ಅಯ್ಯೋ ಅನ್ನುವುದಿಲ್ಲ, ನರವೋ ಕೈಯಡಿಯಲ್ಲೇ ಜಾರಿಕೊಳ್ಳುತ್ತದೆ. ಮೊದಲ ಪರೀಕ್ಷೆಯಲ್ಲಿ ಟ್ಯೂಬನ್ನು ಶರಬತ್ತಿನಂತೆ ಕುಲುಕಿ ರಕ್ತದ ಕಣವೆಲ್ಲ ಒಡೆದು ಫೇಲಾದ. ಎರಡನೆಯದರಲ್ಲಿ ಜಾಣತನ ಮಾಡಿ ರಕ್ತ ತೆಗೆಯುವ ಮೊದಲೇ ಲೇಬಲ್ ಬರೆದಿಟ್ಟು, ಇವರದ್ದು ಅವರಿಗೆ ಅಂಟಿಸಿ ಫೇಲಾದ. ಇದು ಮೂರನೆಯ ಸಲ, ಕೊನೆಯದು. ಪಾಸಾಗಿ ಸೋಮವಾರ ಪ್ರಮಾಣಪತ್ರ ತಂದರೆ ಪೇಟೆ ಬೀದಿಯ ಕ್ಲಿನಿಕ್ಕಿನಲ್ಲಿ ಕೆಲಸ. ತಾರದಿದ್ದರೆ ಅವರು ಬೇರೆಯವರನ್ನು ನೋಡಿಟ್ಟಿದ್ದಾರೆ. ಪರೀಕ್ಷೆಗೆ ಮಾತ್ರ ಏನೂ ತಿನ್ನದ ಒಂದು ಕೈಯನ್ನು ಅಭ್ಯರ್ಥಿಯೇ ಹುಡುಕಿ ತರಬೇಕು.

ಸುದ್ದಿ ಓಣಿಗೆಲ್ಲ ಹಬ್ಬಿತು. ಮಾವಿನ ಮರದ ಕೆಳಗೆ ಬೆಳಿಗ್ಗೆಯೇ ಡಾಮಿನೊ ಹರವಿಕೊಂಡಿದ್ದ ರಾದಮೆಸ್ ಕೂಗಿದ.

"ಮಂಗೂ, ನನ್ ಎಡಗೈ ತಗೊಂಡ್ಹೋಗು. ಬಲಗೈ ಆಟಕ್ಕೆ ಬೇಕು."

"ಕಾಫಿ ಕುಡಿದಿದ್ದೀರಾ?"

"ಎರಡೇ ಲೋಟ. ಅದು ಎಡಗೈಗೆ ಹೇಗಪ್ಪಾ ಹೋಗುತ್ತೆ?"

ಹೌದು, ಓಣಿಗೆ ಬ್ರೌಲಿಯೊ ಮಂಗು. ಎರಡು ವರ್ಷದ ಕೂಸಾಗಿದ್ದಾಗ ಓಣಿಯೆಲ್ಲ ಮರ್ಯಾದೆಯಿಂದ ದೊನ್ಯಾ ಎನ್ನುವ ಪಕ್ಕದ ಮನೆಯ ಮೊರೇನಾಳ ಪಾತ್ರೆಗೆ ಎರಡೂ ಕೈ ಅದ್ದಿ ಮುಖಕ್ಕೆಲ್ಲ ಮಂಗು ಮೆತ್ತಿಕೊಂಡು ನಿಂತಿದ್ದನಂತೆ. ಆಕೆ ಅವತ್ತು ನಕ್ಕು ಕರೆದ ಹೆಸರು ಅಂಟಿದ್ದು ಇನ್ನೂ ಬಿಟ್ಟಿಲ್ಲ.

ಕೊನೆಗೆ ಕೈ ಕೊಡಲು ಒಪ್ಪಿದವಳೂ ಆಕೆಯೇ. "ಇವತ್ತು ಕನ್ಯಾಮಾತೆಗೆ ಹರಕೆ ಕಣೋ, ನೀರು ಬಿಟ್ಟು ಏನೂ ಮುಟ್ಟಿಲ್ಲ. ನಡಿ." ತೋಳು ನೋಡಿದರೆ ನರಗಳು ನೂಲಿನೆಳೆಯಷ್ಟು. ಬ್ರೌಲಿಯೊ ದೇವರನ್ನು ನೆನೆದು ಹೊರಟ.

ಪರೀಕ್ಷಕಿ ಫಿಯೋರ್ದಾಲಿಸಾ ಮೇಡಂ ರಾಜಧಾನಿಯಿಂದ ಅವತ್ತಿಗೆಂದೇ ಬಂದವರು. ನಿಂತ ನಿಲುವಿನಲ್ಲೇ ಹೇಳಿಬಿಟ್ಟರು. "ನಿಮ್ಮ ಹೆಸರು ನನಗೆ ಬೇಡ, ನಂಬರು ಸಾಕು. ಪಕ್ಷಪಾತ ಅನ್ನಿಸ್ಕೊಳ್ಳೋಕೆ ನಾನು ತಯಾರಿಲ್ಲ. ರೋಗಿಯ ಹೆಸರು ಮಾತ್ರ ರೋಗಿಯ ಬಾಯಿಂದಲೇ ಬರಬೇಕು. ಊಹಿಸಬೇಡಿ, ಅವರಿವರು ಕರೆದದ್ದು ಕೇಳಿ ಬರೀಬೇಡಿ. ಒಂದಕ್ಷರ ತಿದ್ದಿದ ಲೇಬಲ್ಲೂ ಕಸದ ಬುಟ್ಟಿಗೆ."

ಹದಿನೇಳನೇ ನಂಬರಿನ ಬ್ರೌಲಿಯೊ ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಕೇಳಿದ. "ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ಹೇಳಿ."

"ತಲೆ ಕೆಟ್ಟಿದ್ಯಾ ಮಂಗು? ನಿನ್ನ ಎತ್ತಿ ಆಡಿಸಿದೋಳು ನಾನು. ಗೊತ್ತಿಲ್ವಾ ನಿಂಗೆ?"

"ಗೊತ್ತಿದ್ರೂ ನೀವೇ ಹೇಳ್ಬೇಕು."

"ಮೊರೇನಾ."

"ಗುರುತಿನ ಚೀಟೀಲಿರೋ ಹೆಸರು ಬೇಕು, ದೊನ್ಯಾ."

ಆಕೆ ಚೀಟಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ ಮೆಲ್ಲಗೆ ಹೇಳಿದಳು. "ಇದು ನನ್ ಅಕ್ಕ ಕಣೋ. ಎಂಟು ತಿಂಗಳ ಕೂಸು, ಜ್ವರ ಬಂದು ಹೋಗ್ಬಿಡ್ತು. ಮೂರು ವರ್ಷ ಬಿಟ್ಟು ನಾನು ಹುಟ್ಟಿದೆ. ಮತ್ತೆ ಆಫೀಸಿಗೆ ಯಾರು ಅಲೀತಾರೆ ಅಂತ ಅಪ್ಪ ಅವಳ ಕಾಗದಾನೇ ನಂಗೆ ಹಚ್ಚಿದ. ಕಾಗದದಲ್ಲಿ ಅವಳಿದ್ದಾಳೆ, ರಕ್ತ ನಂದು. ಈಗ ನೀನೇ ಹೇಳು ಮಂಗು, ಯಾರ ಹೆಸರು ಬರೀತೀಯ?"

ನಲವತ್ತು ವರ್ಷ ಒಂದೇ ಗೋಡೆಯ ಆಚೀಚೆ ಇದ್ದು, ಈಕೆಯ ಹೆಸರನ್ನು ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಬ್ರೌಲಿಯೊಗೆ ನಾಚಿಕೆಯಾಯಿತು. ಕುರ್ಚಿಯ ಪಕ್ಕ ಮಂಡಿಯೂರಿ ಕೂತ.

"ಚೀಟೀಲಿರೋದನ್ನೇ ಬರೀತೀನಿ ದೊನ್ಯಾ. ಆದ್ರೆ ಅದನ್ನ ನೀವೇ ಹೇಳಿ. ನಾನು ಕಾಯ್ತೀನಿ."

"ಅನಾ ದಿಲಿಯಾ ರೊಸಾರಿಯೊ," ಎಂದಳು ಆಕೆ, ಯಾರನ್ನೋ ಒಳಗೆ ಬಾ ಎಂದು ಕರೆದ ಹಾಗೆ. ಹುಟ್ಟಿದ ದಿನವನ್ನೂ ಅಕ್ಕನದ್ದೇ ಹೇಳಿದಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಏನೋ ಗುರುತು ಹಾಕಿಕೊಂಡರು.

ಆಮೇಲೆ ಬ್ರೌಲಿಯೊ ಆಕೆಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ. ಪಟ್ಟಿ ನಿಮಿಷಕ್ಕಿಂತ ಹೆಚ್ಚು ಇರಬಾರದು; ನರ ಸಿಗುವಷ್ಟರಲ್ಲಿ ಅಷ್ಟು ಹೊತ್ತಾಯಿತೆಂದು ಬಿಚ್ಚಿ, ಕಾದು, ಮತ್ತೆ ಕಟ್ಟಿದ. "ಎಷ್ಟು ಸಲ ಕಟ್ತೀಯೋ ಮಂಗು, ನಾನೇನು ಹಸುವಾ?" ಎಂದಳು ಆಕೆ. ಸ್ಪಿರಿಟ್ ಆರುವವರೆಗೆ ಕಾದು, ಜಾರುವ ರೇಷ್ಮೆಯನ್ನು ಹಿಡಿಯುವಂತೆ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು, ಸೂಜಿ ಇಟ್ಟ. ನೇರಳೆ ಮುಚ್ಚಳದ ಟ್ಯೂಬು ತುಂಬಿತು, ನಂತರ ಸಕ್ಕರೆಯ ಬೂದು ಮುಚ್ಚಳದ್ದು. ಪಟ್ಟಿ ಸಡಿಲಿಸಿ, ಸೂಜಿ ತೆಗೆದು, ಹತ್ತಿ ಒತ್ತಿದ. ಟ್ಯೂಬುಗಳನ್ನು ಕುಲುಕದೆ ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಆಕೆಯ ಪಕ್ಕದಲ್ಲೇ ನಿಂತು, ಚೀಟಿ ನೋಡಿ ಲೇಬಲ್ ಬರೆದ.

"ಹದಿನೇಳು, ಪಾಸು," ಎಂದರು ಮೇಡಂ.

"ಭಲೇ ಮಂಗೂ!" ಎಂದು ಮೊರೇನಾ ಹತ್ತಿ ಅಂಟಿಸಿದ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

ಮಧ್ಯಾಹ್ನ ಮೇಡಂ ಎಲ್ಲರ ಪ್ರಮಾಣಪತ್ರಗಳನ್ನು ತಮ್ಮ ಚೆಂದದ ಅಕ್ಷರದಲ್ಲೇ ಬರೆದು, ಮೊಹರು ಒತ್ತಿ, ಲಕೋಟೆಯಲ್ಲಿಟ್ಟು ಹಂಚಿದರು. ಬ್ರೌಲಿಯೊ ಮೆಟ್ಟಿಲಿಳಿದು ತೆರೆದು ನೋಡಿದ. ಅಲ್ಲಿತ್ತು, 'ಮಂಗು ಮಾರ್ತೆ.'

ಓಡಿ ಹೋದ. "ಮೇಡಂ, ಇದು ನನ್ನ ಹೆಸರಲ್ಲ!"

"ಮಾರ್ತೆ ಅಂತ ನಿಮ್ಮ ಕೋಟಿನ ಜೇಬಿನ ಮೇಲೇ ಕಸೂತಿ ಇದೆಯಲ್ರೀ."

"ಅದು ಮನೆತನದ ಹೆಸರು, ಜೇಬಿನ ಮೇಲೆ ಅಷ್ಟಕ್ಕೇ ಜಾಗ ಇತ್ತು. ನಾನು ಬ್ರೌಲಿಯೊ!"

"ಆಕೆ ಬೆಳಿಗ್ಗೆಯಿಂದ ಹತ್ತು ಸಲ ಮಂಗು ಅಂದರು. ನೀವೂ ಓಗೊಟ್ಟಿರಿ."

"ನೀವು ಒಂದು ಸಲಾನೂ ಕೇಳ್ಲಿಲ್ಲ ಮೇಡಂ. ಪೂರ್ತಿ ಹೆಸರು ಹೇಳಿ ಅಂತ."

ಮೇಡಂ ಮುಖ ಕೆಂಪಾಯಿತು. ಪೆನ್ನು ತೆಗೆದರು, ಕಾಗದದ ಮೇಲೆ ಹಿಡಿದರು, ಹಾಗೇ ಕೆಳಗಿಟ್ಟರು. "ತಪ್ಪು ನಂದು. ತಿದ್ದಿದರೆ ಇದೂ ಕಸದ ಬುಟ್ಟಿಗೆ. ಹೊಸದು ರಾಜಧಾನಿಯಿಂದ ಬರೋಕೆ ಮೂರು ತಿಂಗಳು ಹಿಡಿಯುತ್ತೆ."

ಅದನ್ನೇ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದ. ಅಲ್ಲಿನ ಗುಮಾಸ್ತೆ ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ ಬಹಳ ಮರ್ಯಾದೆಯಿಂದಲೇ ಹೇಳಿದಳು. "ಈ ಮಂಗು ಅನ್ನೋರನ್ನ ಕಳಿಸಿ ಸಾರ್. ಸೋಮವಾರಾನೇ ಸೇರಿಸ್ಕೋತೀವಿ."

ಸಂಜೆ ಓಣಿಯ ಬಾಯಲ್ಲೇ ರಾದಮೆಸ್ ಲಕೋಟೆ ಕಸಿದುಕೊಂಡ. ಡಾಮಿನೊ ಮೇಜಿನ ಮೇಲೆ ಹತ್ತಿ ಎಲ್ಲರಿಗೂ ಕೇಳುವಂತೆ ಓದಿದ. ಓಣಿ ಕುಣಿಯಿತು.

"ಕುಣೀಬೇಡ್ರೋ, ಹೆಸರು ತಪ್ಪಾಗಿದೆ!" ಎಂದು ಬ್ರೌಲಿಯೊ ಕಿರುಚಿದ.

ರಾದಮೆಸ್ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿಕೊಂಡ. "ಮಂ... ಗು. ಎಲ್ಲಪ್ಪಾ ತಪ್ಪು? ಸರಿಯಾಗೇ ಇದೆಯಲ್ಲ."

"ನನ್ನ ಹೆಸರು ಬ್ರೌಲಿಯೊ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದಾ?" ಎಂದ ಕಿರೀನೊ, ಸ್ವಂತ ದೊಡ್ಡಪ್ಪನ ಮಗ. "ಯಾವಾಗಿಂದ?"

ಹರಕೆ ಮುಗಿಸಿದ್ದ ಮೊರೇನಾ ಬಿಸಿ ಮಂಗುವಿನ ತಟ್ಟೆ ತಂದು ಅವನ ಮುಂದಿಟ್ಟಳು. ಬೆಳಿಗ್ಗೆಯಿಂದ ಅವನೂ ಏನೂ ತಿಂದಿರಲಿಲ್ಲ. ಪಕ್ಕದಲ್ಲಿ ಕೂತು, ಹತ್ತಿ ಅಂಟಿಸಿದ ತೋಳನ್ನು ಸವರಿಕೊಳ್ಳುತ್ತ ಹೇಳಿದಳು.

"ನಾನು ಅರವತ್ನಾಲ್ಕು ವರ್ಷ ಬೇರೆಯವರ ಹೆಸರಲ್ಲಿ ಬದುಕಿದೀನಿ ಮಗಾ. ನಿಂಗೆ ಮೂರೇ ತಿಂಗಳು. ಅದೂ ನಾನೇ ಇಟ್ಟ ಹೆಸರು. ತಿನ್ನು, ಆರಿಹೋಗುತ್ತೆ."