ಸದ್ದಿಲ್ಲದ ಹೀಟರ್ ಹುಡುಕಿದ ಭಾವ

ನನ್ನ ಅಕ್ಕನ ಗಂಡನನ್ನು ಊಟಕ್ಕೆ ಕರೆಯುವವರು ಮೊದಲು ಬೇಸ್‌ಮೆಂಟಿನ ಬಾಗಿಲಿಗೆ ಬೀಗ ಹಾಕುವುದು ಒಳ್ಳೆಯದು. ಕದಿಯುವ ಮನುಷ್ಯ ಅಂತಲ್ಲ! ವಿಜಯಪುರದ ಕಡೆಯವರು, ಡೆಟ್ರಾಯಿಟ್ ಹತ್ತಿರದ ಕಾರು ಕಂಪನಿಯೊಂದರಲ್ಲಿ ಇಂಜಿನಿಯರು, ಮರ್ಯಾದಸ್ಥರು. ಆದರೆ ಆ ವರ್ಷ ಯಾರ ಮನೆಗೆ ಹೋದರೂ ಪಾಯಸ ಬಡಿಸುವ ಹೊತ್ತಿಗೆ ಭಾವನ ಕುರ್ಚಿ ಖಾಲಿ. ಹುಡುಕಿದರೆ ಕೆಳಗೆ, ಮನೆಯನ್ನೆಲ್ಲ ಬಿಸಿ ಮಾಡುವ ಫರ್ನೇಸಿನ ಎದುರು ಕಣ್ಣು ಮುಚ್ಚಿ ನಿಂತಿರುತ್ತಿದ್ದರು, ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನ ರಸಿಕರ ಹಾಗೆ.

ಕಾರಣ, ಅಲ್ಲೇ ಹತ್ತಿರದ ಕ್ಯಾಂಟನ್‌ನಲ್ಲಿ ಅವರ ಹೊಸ ಮನೆ ಏಳುತ್ತಿತ್ತು. ಆ ಹೊಸ ಬಡಾವಣೆಯ ಮಿಕ್ಕವರೆಲ್ಲ ಬಿಲ್ಡರ್ ಹೇಳಿದ ಗ್ಯಾಸ್ ಫರ್ನೇಸಿಗೆ ತಲೆಯಾಡಿಸಿ, ಅಡುಗೆಮನೆಯ ಕಟ್ಟೆಕಲ್ಲಿನ ಬಣ್ಣಕ್ಕಾಗಿ ಗಂಡ ಹೆಂಡತಿ ಜಗಳವಾಡುತ್ತಿದ್ದರು. ಭಾವನಿಗೆ ಕಲ್ಲಿನ ಚಿಂತೆಯಿಲ್ಲ. ಫರ್ನೇಸಿನ ಫ್ಯಾನ್ ಗಾಳಿ ಊದುವ ಸದ್ದು ಮಾತ್ರ ಅವರಿಗೆ ಆಗದು. ಹೀಟ್ ಪಂಪ್ ನೋಡಿ ಬಂದರು, ಅದಕ್ಕೂ ಫ್ಯಾನ್ ಇದೆ. ಗೋಡೆಗೆ ಹಾಕುವ ಎಲೆಕ್ಟ್ರಿಕ್ ಹೀಟರ್ ನೋಡಿದರು, ಬಿಸಿಯಾಗುವಾಗ ಅದು ಟಿಕ್ ಟಿಕ್ ಎನ್ನುತ್ತದಂತೆ! ಮಿಶಿಗನ್ನಿನ ಚಳಿಯಲ್ಲಿ ಮನೆ ಕಟ್ಟುವವನಿಗೆ ಇಷ್ಟು ನಾಜೂಕು ಕಿವಿ ಇದ್ದರೆ ಆದೀತೆ?

ಪರಿಚಯದವರೊಬ್ಬರ ಮನೆಯಲ್ಲಿ ಮನೆ ಬೆಚ್ಚಗಿಡಲು ನೆಲದಡಿ ಬಿಸಿನೀರಿನ ಪೈಪು ಹಾಕಿಸಿದ್ದಾರೆ ಎಂಬುದು ಭಾವನಿಗೆ ತಿಳಿದದ್ದು ಅವರ ಸತ್ಯನಾರಾಯಣ ಪೂಜೆಯ ದಿನ. ಮಂಗಳಾರತಿಯಾಯಿತು, ಎಲ್ಲರೂ ಅಡ್ಡಬಿದ್ದರು, ಎಲ್ಲರೂ ಎದ್ದರು. ಭಾವ ಏಳಲಿಲ್ಲ. ಕಿವಿಯನ್ನು ಟೈಲ್ಸಿಗೆ ಒತ್ತಿಕೊಂಡು ಹಾಗೇ ಬಿದ್ದಿದ್ದರು. ಹೃದಯದ ಡಾಕ್ಟರಾದ ಅಂಕಲ್ ಒಬ್ಬರು ಗಾಬರಿಯಿಂದ ಬಂದು ನಾಡಿ ಹಿಡಿದರು. ಭಾವ ಕಣ್ಣನ್ನೂ ತೆರೆಯದೆ, ಗಲಾಟೆ ಮಾಡಬೇಡಿ ಎಂದು ಅವರಿಗೇ ಕೈಸನ್ನೆ ಮಾಡಿದರು.

ಜನವರಿಯಲ್ಲಿ ಅಕ್ಕ ಭಾವ ಇಬ್ಬರೂ ನಾಲ್ಕೈದು ಗಂಟೆಯ ದಾರಿ ದೂರದ ಲೊಂಬಾರ್ಡ್‌ನ ನಮ್ಮ ಮನೆಗೆ ಬಂದರು. ಬಂದವರೇ ಭಾವ ಥರ್ಮೋಸ್ಟಾಟಿನಲ್ಲಿ ಫರ್ನೇಸನ್ನು ಆಫ್ ಮಾಡಿ, ಅಕ್ಕನ ಪಕ್ಕ ಕೂತು ಊರಿನ ಸುದ್ದಿ ಶುರುಮಾಡಿದರು. ಹೊರಗೆ ಸೊನ್ನೆಗಿಂತ ಕೆಳಗೆ. ಅದೂ ಫ್ಯಾರನ್‌ಹೀಟಿನ ಸೊನ್ನೆ! ಸ್ವಲ್ಪ ಹೊತ್ತಿಗೆ ನನ್ನ ಮಗಳು ಜಾಕೆಟ್ ಹಾಕಿಕೊಂಡು ಮಹಡಿಯಿಂದ ಇಳಿದು ಬಂದು, "ಅಮ್ಮ, ಡಿಡ್ ವೀ ಫರ್ಗೆಟ್ ಟು ಪೇ ದ ಬಿಲ್?" ಎಂದಳು.

ನಾವು ನಕ್ಕಿದ್ದು ಅದೇ ಕೊನೆ. ಬಿಲ್ಡರ್ ಭಾವನ ತೀರ್ಮಾನಕ್ಕೆ ಕಾದು ಕಾದು ಬೇಸತ್ತು ಕೆಲಸದವರನ್ನು ಬೇರೆ ಮನೆಗೆ ಕಳಿಸಿಬಿಟ್ಟ. ಅಕ್ಕ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ, ಬಿಚ್ಚದ ಡಬ್ಬಗಳ ನಡುವೆ, ದಿನವಿಡೀ ಬೂದುಬಣ್ಣದ ಆಕಾಶ ನೋಡುತ್ತ ಕೂತಳು. ಫೋನ್ ಮಾಡುವುದನ್ನೇ ಬಿಟ್ಟಳು, ಮೆಸೇಜ್ ಮಾತ್ರ. "ಇವರಿಗೆ ಆ ಮನೆ ಬೇಡವಾಗಿದೆಯೋ ನಾನು ಬೇಡವಾಗಿದ್ದೇನೋ ತಿಳಿಯುತ್ತಿಲ್ಲ" ಎಂದು ಒಂದು ದಿನ ಬರೆದಳು. ಅದನ್ನು ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಶನಿವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಕ್ಯಾಂಟನ್‌ಗೆ ಹೋದೆ.

ಭಾವ ಹೊಸ ಮನೆಯಲ್ಲಿದ್ದರು. ಮನೆ ಎಂದರೆ ಬರೀ ಮರದ ಚೌಕಟ್ಟು, ಕಿಟಕಿಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ. ಬಯ್ಯಬೇಕೆಂದೇ ಬಂದಿದ್ದೆ.

"ಯಾವುದಾದ್ರೂ ಒಂದು ಹೀಟರ್ ಹಾಕ್ಸಿ ಭಾವ. ಅಕ್ಕ ಸೋತು ಹೋಗಿದಾಳೆ. ನಿಮಗೆ ಸದ್ದು ಆಗಲ್ಲ ಅಂತ ಅವಳು ಎಷ್ಟು ದಿನ ಹೀಗಿರ್ಬೇಕು?"

ಭಾವ ಕೈಗವಸು ತೆಗೆದರು, ಮತ್ತೆ ಹಾಕಿಕೊಂಡರು.

"ನನಗಲ್ಲವ್ವಾ. ನಿಮ್ಮ ಅಕ್ಕಗ ಕಿವಿ ಕೇಳಸಂಗಿಲ್ಲ."

ಏನು ಹೇಳುತ್ತಿದ್ದೀರಿ ಎಂದೆ.

"ಫ್ಯಾನ್ ಶುರು ಆತಂದ್ರ ನನ್ನ ಮಾತು ಆಕಿಗೆ ತಿಳಿಯಂಗಿಲ್ಲ. ಸುಮ್ನ ನಕ್ಕೋತ ಗೋಣು ಹಾಕ್ತಾಳ. ಬಂದ್ ಆದ ಮ್ಯಾಲೆ ಮೊದಲಿನಂಗ ಮಾತಾಡ್ತಾಳ. ಯಾರ ಮುಂದೂ ಹೇಳಿಲ್ಲ, ನನ್ನ ಮುಂದೂ ಹೇಳಿಲ್ಲ. ನಾ ಹೆಂಗ ಕೇಳಲಿ, ನೀನ ಹೇಳು."

ಅಕ್ಕನ ಗುಟ್ಟು ಹೊರಬೀಳುವುದಕ್ಕಿಂತ ತಾನು ಹುಚ್ಚನೆನಿಸಿಕೊಳ್ಳುವುದೇ ವಾಸಿ ಎಂದು ಈ ಮನುಷ್ಯ ಎಲ್ಲರ ಮನೆಯ ನೆಲದ ಮೇಲೆ ಬಿದ್ದಿದ್ದರು. ಇನ್ನು ಹುಡುಕುವುದು ಸಾಕೆಂದು ಆ ವಾರವೇ ಅವರು ನೆಲದಡಿಯ ಪೈಪಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟರು. ಅಕ್ಕನಿಗೆ ನಾನು ಏನೂ ತಿಳಿಸಲಿಲ್ಲ.

ಹೊಸ ಮನೆಯ ಮೊದಲ ಚಳಿಗಾಲದಲ್ಲಿ ಅಕ್ಕ ಬಾಯಿ ತುಂಬ ಮಾತಾಡಿದಳು. ನೆಲ ಬೆಚ್ಚಗಿತ್ತು, ಮನೆಯಲ್ಲಿ ಉಸಿರಾಡಿದರೂ ಕೇಳುವಷ್ಟು ನಿಶ್ಶಬ್ದ. ಎಲ್ಲ ಸರಿಹೋಯಿತೆಂದು ಬರೆದು ಮುಗಿಸಬಹುದಿತ್ತು. ಆದರೆ ಅವಳ ಕಿವಿ ಮಂದವಾಗುತ್ತ ಹೋಗುವುದು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಅವಳೇ ನಮಗೆಲ್ಲ ಹೇಳಿಕೊಂಡು ಅತ್ತಳು. ಭಾವ ಅವಳ ಕಿವಿಗೆ ಮಷಿನ್ ಹಾಕಿಸಿದರು, ಅದರಿಂದ ಹೆಚ್ಚೇನೂ ಆಗಲಿಲ್ಲ.

ಹೋದ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿದ್ದೆ. ಹೊರಗೆ ಸದ್ದಿಲ್ಲದೆ ಹಿಮ ಬೀಳುತ್ತಿತ್ತು. ಅಕ್ಕ ನಮಗೆ ಬೆನ್ನು ಮಾಡಿ ಬೀನ್ಸ್ ಹೆಚ್ಚುತ್ತಿದ್ದಳು. ಚಹಾ ಮಾಡಲೇನು ಎಂದು ಭಾವ ಮೇಜಿನ ಬಳಿಯಿಂದ ಮೆಲ್ಲಗೆ ಕೇಳಿದರು. ಅವಳು ತಿರುಗಲಿಲ್ಲ. ಭಾವ ದನಿ ಏರಿಸಲಿಲ್ಲ. ಎದ್ದು, ಅಡುಗೆಮನೆಯ ನಡುವಿನ ಕಟ್ಟೆಯನ್ನು ಸುತ್ತಿ ಹೋಗಿ, ಅವಳ ಮುಖದ ಎದುರು ನಿಂತು, ಅದೇ ಮೆಲುದನಿಯಲ್ಲಿ ಮತ್ತೆ ಕೇಳಿದರು.

ಅಕ್ಕ ಅವರ ತುಟಿಯನ್ನೇ ನೋಡಿದಳು.

"ಅರ್ಧ ಕಪ್ ಸಾಕು ರೀ," ಎಂದಳು.