ರಾಗಿ ಅಂಟಿನ ಬೈಂಡು

ನಮ್ಮ ಮನೆಯವರ ಹೆಸರನ್ನು ನಾನು ಬಾಯಲ್ಲಿ ಹೇಳುವವಳಲ್ಲ, ಕಾಗದದಲ್ಲಿ ಬರೆಯುವವಳೂ ಅಲ್ಲ. ಬರೆಯದಿದ್ದರೇನಂತೆ? ಹುಣಸೂರಿನಿಂದ ವೀರನಹೊಸಹಳ್ಳಿಯವರೆಗೆ ಯಾರನ್ನಾದರೂ ಕೇಳಿ, "ಪಂಚಾಂಗವನ್ನು ಹಸುವಿಗೆ ತಿನ್ನಿಸಿದವರು ಯಾರು?" ಎಂದು. ನೇರ ನಮ್ಮ ಬಾಗಿಲಿಗೇ ತಂದು ಬಿಡುತ್ತಾರೆ!

ಇಂಥವರ ಜೊತೆ ಸಂಸಾರ ಮಾಡಿ ನಲವತ್ತು ವರ್ಷದ ಮೇಲಾಯಿತು. ಸುಸ್ತಾಗದೆ ಇರುತ್ತದೆಯೇ? ಚಾಪೆ ಹೆಣೆಯುತ್ತೇನೆಂದು ಒಂದು ವರ್ಷ, ಜೇನು ಸಾಕುತ್ತೇನೆಂದು ಒಂದು ವರ್ಷ. (ಜೇನು ಅವರನ್ನು ಕಚ್ಚಲಿಲ್ಲ, ನನ್ನನ್ನು ಕಚ್ಚಿತು.) ಈ ಬೈಂಡಿಂಗಿನ ಹುಚ್ಚು ಹತ್ತಿದ್ದು ಮಾತ್ರ, ನಾವೆಲ್ಲ ಮೊದಲ ಸಲ ಓಟು ಹಾಕಿ ಬಂದ ಮಾರನೇ ವರ್ಷ, ಮೊಮ್ಮಗಳ ದೆಸೆಯಿಂದ.

ಮೊಮ್ಮಗಳು! ನಮ್ಮ ವಂಶದಲ್ಲಿ ಮಿಡ್ಲ್ ಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ನಾನು ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟು ಮದುವೆಯಾಗಿ ಬಂದವಳು. ಅವಳು ಗಟ್ಟಿಯಾಗಿ ಓದುತ್ತಿದ್ದರೆ ನನಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. ಆದರೆ ಅವಳ ಪಾಠಪುಸ್ತಕ ನಾಲ್ಕು ಮಕ್ಕಳು ಓದಿ ದಾಟಿಸಿದ್ದು. ಹೊಲಿಗೆ ಬಿಚ್ಚಿಹೋಗಿ ಜಗಲಿಯಲ್ಲಿ ಒಂದು ಹಾಳೆ, ಬಾವಿಕಟ್ಟೆಯಲ್ಲಿ ಒಂದು ಹಾಳೆ. ಹೊಸದು ಕೊಳ್ಳೋಣವೆಂದರೆ ಹುಣಸೂರಿನ ಅಂಗಡಿಯಲ್ಲಿ ಮುಗಿದಿತ್ತು. "ದಸರಾ ರಜೆ ಕಳೆದ ಮೇಲೆ ನೆಟ್ಟಗಿರುವ ಪುಸ್ತಕ ತರದಿದ್ದರೆ ಕ್ಲಾಸಿಗೆ ಬರಬೇಡ" ಎಂದುಬಿಟ್ಟರು ಮೇಷ್ಟ್ರು. ನನ್ನ ಮಗ, ಅಂದರೆ ಅವಳ ಅಪ್ಪ, ಇದಕ್ಕೇ ಕಾಯುತ್ತಿದ್ದವನ ಹಾಗೆ, "ಸಾಕು ಬುಡವ್ವ ಓದಿದ್ದು. ಮನೇಲಿರ್ಲಿ" ಎಂದ.

ಮನೆಯವರು ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದು, "ನಾನು ಬೈಂಡ್ ಮಾಡ್ತೀನಿ" ಎಂದರು.

"ನಿಮ್ಗೆ ಬತ್ತದಾ?"

"ಅದ್ರಲ್ಲೇನದೆ? ಅಂಟು, ದಾರ, ಒತ್ತು. ಮೂರೇ ತಾನೆ!"

ಮೊದಲು ಅಂಟು. ಮೈದಾಹಿಟ್ಟನ್ನು ಕಾಯಿಸಿ ಮಾಡಬೇಕಂತೆ. ನಮ್ಮ ಮನೆಯಲ್ಲಿ ಮೈದಾ ಎಲ್ಲಿಂದ ಬರಬೇಕು? ರಾಗಿಹಿಟ್ಟು ಕದಡಿ ಒಲೆಗಿಟ್ಟರು. ಕೈ ರೂಢಿ ನೋಡಿ, ಅಂಬಲಿಗೆ ಹಾಕುವ ಹಾಗೆ ಉಪ್ಪನ್ನೂ ಹಾಕಿದರು! ಪುಣ್ಯಕ್ಕೆ ಮೊದಲ ಪ್ರಯೋಗ ನಮ್ಮ ಪಂಚಾಂಗದ ಮೇಲೆ ನಡೆಯಿತು. ಹಾಳೆಹಾಳೆಗೂ ಬಳಿದು, ಒಣಗಲೆಂದು ಕೊಟ್ಟಿಗೆಯ ಗೋಡೆಗೆ ಒರಗಿಸಿದರು. ಉಪ್ಪಿನ ರುಚಿಯನ್ನು ಹಸು ಬಿಟ್ಟೀತೇ? ಯುಗಾದಿಯಿಂದ ಶಿವರಾತ್ರಿಯವರೆಗೆ ಮುಗಿಸಿ, ರಟ್ಟನ್ನು ಮಾತ್ರ ನಮಗೆ ಉಳಿಸಿತ್ತು. ಸಂಜೆ ಪಕ್ಕದ ಮನೆಯವಳು ಬಂದು, "ದೀಪಾವಳಿ ಅಮಾಸೆ ಯಾವತ್ತಕ್ಕ?" ಎಂದಳು.

"ಕೊಟ್ಗೆಗೋಗಿ ಅಸೂನ ಕೇಳವ್ವ. ಎಲ್ಲಾ ಅದ್ರ ಒಟ್ಟೇಲದೆ" ಎಂದೆ.

ಆಮೇಲೆ ದಾರ. ನಮ್ಮ ಕಡೆ ಹೊಗೆಸೊಪ್ಪನ್ನು ಗೂಡಿನ ಕಾವಿನಲ್ಲಿ ಬೇಯಿಸುವ ಮೊದಲು ಕೋಲಿಗೆ ಕಟ್ಟುತ್ತೇವೆ. ಒಂದು ಗೊಂಚಲು ಈ ಕಡೆಗೆ, ಇನ್ನೊಂದು ಆ ಕಡೆಗೆ, ಹೀಗೆ ಅದಲುಬದಲು. ಅದರಲ್ಲಿ ಅವರ ಕೈ ಓಡುವ ಹಾಗೆ ಊರಲ್ಲಿ ಯಾರ ಕೈಯೂ ಓಡದು. ಭಜನೆಮನೆಯ ಹಾಡಿನ ಪುಸ್ತಕವನ್ನು ಕೇಳಿ ತಂದವರೇ, ದಬ್ಬಣ ಹಿಡಿದು ಅದೇ ಲೆಕ್ಕದಲ್ಲಿ ಹೊಲಿದರು. ಒಂದು ಕಂತೆ ನೆಟ್ಟಗೆ, ಒಂದು ಕಂತೆ ತಲೆಕೆಳಗೆ! ಸೋಮವಾರ ಭಜನೆ ಹೇಳಿಕೊಡುವ ಗೌಡರು ನಾಲ್ಕು ಹಾಳೆ ಚೆನ್ನಾಗಿ ಹಾಡಿದರು, ಐದನೆಯದಕ್ಕೆ ಪುಸ್ತಕ ತಿರುಗಿಸಿದರು, ಮತ್ತೆ ನಾಲ್ಕಕ್ಕೆ ಮತ್ತೆ ತಿರುಗಿಸಿದರು. ತಾಳದವರು ದಿಕ್ಕು ತಪ್ಪಿದರು.

"ಏನ್ಲಾ ಇದು? ಶಿವನ ಪದ ಕಣ್ಲಾ, ಒಗೆಸೊಪ್ಪಲ್ಲ!"

"ಕಟ್ಟು ಬಿಗಿಯಾಗದೋ ಇಲ್ವೋ, ಅದೇಳು ಮದ್ಲು!"

ಬಿಗಿಯಾಗಿಯೇ ಇತ್ತು. ಬಿಚ್ಚಲು ಇಬ್ಬರು ಎಳೆಯಬೇಕಾಯಿತು.

ಕೊನೆಗೆ ಹುಣಸೂರಿಗೆ ಹೋದರು. ಅಲ್ಲೊಬ್ಬ ಬೈಂಡಿಂಗ್ ಮಾಡುವವನಿದ್ದ. ಕಲಿಸಪ್ಪ ಎಂದು ಕೇಳಲು ಇವರಿಗೆ ಬಿಗುಮಾನ! ಬಸ್ಸಿಗೆ ಕಾಯುವವರ ಹಾಗೆ ಅಂಗಡಿಯ ಮುಂದೆ ನಿಂತು ಅವನ ಕೈಯನ್ನೇ ನೋಡುತ್ತಿದ್ದರಂತೆ. ಮೈಸೂರಿನ ಬಸ್ಸು ಹೋಯಿತು, ಮಡಿಕೇರಿಯ ಬಸ್ಸೂ ಹೋಯಿತು.

"ಯಜಮಾನ್ರೇ, ನಿಮ್ದು ಯಾವ ಬಸ್ಸು?"

"ಇನ್ನೂ ಬಂದಿಲ್ಲ."

ಮಾರನೇ ದಿನವೂ ಬರಲಿಲ್ಲ. ಮೂರನೇ ದಿನ ಅವನೇ ಒಂದು ಸ್ಟೂಲು ಹಾಕಿ, "ಕೂತ್ಕೊಂಡು ಕಾಯ್ರಿ" ಎಂದು, ಹೊರಡುವಾಗ ಒಂದು ಪೊಟ್ಟಣ ಮೈದಾವನ್ನೂ ಕಟ್ಟಿಕೊಟ್ಟನಂತೆ.

ರಜೆ ಮುಗಿಯಲು ಎರಡೇ ದಿನ. ಮೊಮ್ಮಗಳ ಪುಸ್ತಕವನ್ನು ಹೊಲಿದರು, ಅಂಟು ಬಳಿದರು, ರಟ್ಟು ಕೂರಿಸಿದರು. ಇನ್ನು ಒತ್ತು. ಅಂಗಡಿಯವನ ಹತ್ತಿರ ತಿರುಪು ಬಿಗಿಯುವ ಕಬ್ಬಿಣದ ಯಂತ್ರವಿತ್ತು. ನಮ್ಮಲ್ಲಿ? ನಾನಿದ್ದೇನಲ್ಲ! ಪುಸ್ತಕದ ಮೇಲೆ ಮಣೆಯಿಟ್ಟು, "ಅಮ್ಮೀ, ಬಾ ಕೂತ್ಕೊ" ಎಂದರು. ಕೂತೆ. ಕೂತಲ್ಲೇ ಬೆಳ್ಳುಳ್ಳಿ ಸುಲಿದೆ, ಹುರುಳಿ ಆರಿಸಿದೆ. ಸ್ವಲ್ಪ ಮಿಸುಕಿದರೂ, "ಅಲ್ಲಾಡ್ಬೇಡ, ಸುಕ್ಕಾಯ್ತದೆ!" ಸೊಂಟ ಹಿಡಿಯಿತು. ಸಿಟ್ಟೂ ಬಂತು.

"ಮನೇಲಿ ಗುಂಡುಕಲ್ಲಿಲ್ವಾ? ಈ ವಯಸ್ನಲ್ಲಿ ನಿಮ್ಗೆ ಯಾಕ್ರೀ ಬೇಕಿತ್ತು ಈ ಉಸಾಬರಿ?"

ಅವರು ಬೆರಳಿಗೆ ಮೆತ್ತಿದ ಅಂಟನ್ನು ಕೆರೆಯುತ್ತ ಕೂತರು. ಆಮೇಲೆ ಮೆಲ್ಲಗೆ, "ನೀನು ಮದ್ವೆಯಾಗಿ ಬಂದಾಗ ಟ್ರಂಕಲ್ಲಿ ಒಂದು ಪುಸ್ತಕ ತಂದಿದ್ದೆ. ಎರಡನೇ ಕ್ಲಾಸಿಂದು" ಎಂದರು.

ಕೈಯಲ್ಲಿದ್ದ ಹುರುಳಿ ಮೊರಕ್ಕೆ ಸುರಿಯಿತು. ಆ ಪುಸ್ತಕದ ಒಂದೊಂದೇ ಹಾಳೆ ಹರಿದು ಅವರು ನಸ್ಯದ ಪೊಟ್ಟಣ ಕಟ್ಟಿದ್ದರು. ಕೊನೆಯ ಹಾಳೆ ಹೋದ ದಿನ ಹಿತ್ತಿಲಿಗೆ ಹೋಗಿ ಅತ್ತಿದ್ದೆ. ಯಾರೂ ನೋಡಲಿಲ್ಲವೆಂದೇ ಇಷ್ಟು ವರ್ಷ ತಿಳಿದಿದ್ದೆ.

"ನೋಡ್ದೆ ಕಣಮ್ಮಿ. ಏನೇಳ್ಬೇಕು ಅಂತ ಗೊತ್ತಾಗ್ನಿಲ್ಲ" ಎಂದರು. "ಇವ್ಳ ಪುಸ್ತಕನಾದ್ರೂ ಉಳೀಲಿ."

ಸೋಮವಾರ ಮೊಮ್ಮಗಳು ಪುಸ್ತಕವನ್ನು ಎದೆಗವಚಿಕೊಂಡು ಹೊರಟಳು. ಮಗನೇ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟುಬಂದ. ಮೇಷ್ಟ್ರು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವ ಅಂಗಡಿ?" ಎಂದರಂತೆ. ಅಷ್ಟೇ ಸಾಕಾಯಿತು! ಈಗ ಆ ಸ್ಕೂಲಿನ ಹರಿದ ಪುಸ್ತಕಗಳೆಲ್ಲ ನಮ್ಮ ಜಗಲಿಯಲ್ಲಿವೆ.

ನನ್ನ ಸೊಂಟದ ನೋವು ಹಾಗೇ ಇದೆ. ಒಳಗೆ ಮಣೆ ಇಟ್ಟ ಸದ್ದಾದರೆ, ಅವರು ಕರೆಯುವ ಮೊದಲೇ ಹೋಗಿ ಕೂರುತ್ತೇನೆ.